ಚಾವಡಿ ಗಡಿಯಾರದ ರಿಪೇರಿ: ಸಂಕ್ರಾಂತಿಯಿಂದ ಮಿರಗದ (ಮೃಗಶಿರಾ) ಮಳೆಯವರೆಗೆ

ನಮ್ಮೂರ ಚಾವಡಿ ಮೇಲೆ ಒಂದು ಗಡಿಯಾರ ಗೋಪುರ ಇದೆ. ಬೆಳಗಾವಿಯಿಂದ ಬೈಕಲ್ಲಿ ಮುಕ್ಕಾಲು ತಾಸಿನ ದಾರಿ. ಗೋಪುರ ಬಹಳ ಎತ್ತರ ಏನಿಲ್ಲ, 36 ಅಡಿ. ಕೆಳಗೆ ಕರಿಕಲ್ಲು, ಮೇಲೆ ಇಟ್ಟಿಗೆ. ನಾಲ್ಕೂ ಕಡೆ ಗಡಿಯಾರದ ಮುಖ, ಅದರ ಮೇಲೆ ಗಂಟೆ ತೂಗುಹಾಕಿದ ಗೂಡು, ತುದಿಗೆ ಸಣ್ಣ ಗುಮ್ಮಟ. ಪೂರ್ವದ ಗೋಡೆಯಲ್ಲಿ ಆಳೆತ್ತರಕ್ಕೆ ಒಂದು ಅಮೃತಶಿಲೆಯ ಹಲಗೆ ಕೂರಿಸಿದ್ದಾರೆ. ಈ ಊರಿಂದ ಇಷ್ಟು ಜನ 1914–1919ರ ಮಹಾಯುದ್ಧಕ್ಕೆ ಹೋದರು, ಅವರಲ್ಲಿ ಇಷ್ಟು ಜನ ಪ್ರಾಣ ಕೊಟ್ಟರು ಎಂದು ಇಂಗ್ಲಿಷಿನಲ್ಲಿ ಕೆತ್ತಿದೆ. ಆ ಯುದ್ಧ ಮುಗಿದ ಮೇಲೆ ಸಿಪಾಯಿಗಳನ್ನು ಕಳಿಸಿದ ಹಳ್ಳಿಗಳಲ್ಲಿ ಇಂಥ ಕಲ್ಲು ಹಾಕಿಸಿದ್ದರು. ಎಲ್ಲ ಕಡೆ ಮಾತು ಹೆಚ್ಚುಕಡಿಮೆ ಒಂದೇ, ಅಂಕಿ ಮಾತ್ರ ಬೇರೆ.

ನಾನು ಬೆಳಗಾವಿಯ ಕಾರ್ಖಾನೆ ಪ್ರದೇಶ ಉದ್ಯಮಬಾಗದಲ್ಲಿ ಲೇಥ್ ಕೆಲಸ ಮಾಡುವವನು. ಹುಟ್ಟಿದಾಗಿನಿಂದ ಈ ಗಡಿಯಾರ ನಡೆದದ್ದನ್ನು ನೋಡಿಲ್ಲ. ಈ ಸಲ ಪಂಚಾಯ್ತಿಯವರು ಠರಾವು ಮಾಡಿ, "ತಮ್ಮಾ, ನೀ ಒಮ್ಮೆ ಹತ್ತಿ ನೋಡು, ಆಗೂದಿದ್ರ ಮಾಡೋಣು" ಅಂದರು. ಮಾಡಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಬೇರೆ ಊರಲ್ಲಿ ಇಂಥ ಕೆಲಸಕ್ಕೆ ಕೈಹಾಕುವವರಿಗೆ ಉಪಯೋಗ ಆಗಲಿ ಎಂದು ಇಲ್ಲಿ ಹಾಕುತ್ತಿದ್ದೇನೆ.

ಸಂಕ್ರಾಂತಿ ಮರುದಿನ

ಹತ್ತಿದ ಕೂಡಲೇ ಪಾರಿವಾಳದ ಹಿಕ್ಕೆ. ಎರಡು ಗೋಣಿಚೀಲ ತುಂಬಿತು. ಮೂಗಿಗೆ ಮಾಸ್ಕ್ ಇಲ್ಲದೆ ಈ ಕೆಲಸ ಮಾಡಬೇಡಿ, ಆ ಧೂಳು ಪುಪ್ಪುಸಕ್ಕೆ ಕೆಟ್ಟದ್ದು. ಅದರ ಕೆಳಗೆ ನಾಲ್ಕಡಿ ಉದ್ದದ ಬೀಡುಕಬ್ಬಿಣದ ಚೌಕಟ್ಟು ಸಿಕ್ಕಿತು. ಅದರ ಮೇಲೆ ಎರಡು ಡ್ರಮ್. ಒಂದು ಗಡಿಯಾರ ನಡೆಸುವುದಕ್ಕೆ, ಇನ್ನೊಂದು ತಾಸು ಹೊಡೆಯುವುದಕ್ಕೆ. ಎರಡಕ್ಕೂ ವೈರ್ ರೋಪ್ ಸುತ್ತಿ, ತುದಿಗೆ ಬೀಡಿನ ತೂಕ ಕಟ್ಟಿದ್ದಾರೆ. ತೂಕ ನಿಧಾನವಾಗಿ ಕೆಳಗಿಳಿಯುತ್ತದೆ, ಅದೇ ಗಡಿಯಾರದ ಶಕ್ತಿ. ಕೀಲಿ ಕೊಡುವುದು ಅಂದರೆ ಆ ತೂಕವನ್ನು ಮತ್ತೆ ಮೇಲಕ್ಕೆ ಎಳೆಯುವುದು.

ಬೇರೆ ಏನನ್ನೂ ಮುಟ್ಟುವ ಮೊದಲು ರೋಪ್ ನೋಡಿದೆ. ಎಳೆಗಳು ಕಡಿದು ಮುಳ್ಳಿನಂತೆ ಎದ್ದು ನಿಂತಿದ್ದವು. ನಡೆಸುವ ತೂಕ ಒಂದೇ 60 ಕಿಲೋ. ಅದರ ನೇರ ಕೆಳಗೆ ಚಾವಡಿಯಲ್ಲಿ ಹಿರಿಯರು ಕೂತು ಪೇಪರ್ ಓದುತ್ತಾರೆ. ಅವತ್ತೇ ಚೈನ್ ಬ್ಲಾಕ್ ತರಿಸಿ ಎರಡೂ ತೂಕ ಇಳಿಸಿ ನೆಲಕ್ಕೆ ಇಟ್ಟೆವು. ತೂಕ ತೂಗುತ್ತಿರುವಾಗ ಒಂದು ನಟ್ ಕೂಡ ಬಿಚ್ಚಬಾರದು. ಚಕ್ರಗಳ ಹಿಡಿತ ಬಿಟ್ಟರೆ ಡ್ರಮ್ ಬುಗುರಿಯಂತೆ ತಿರುಗಿ ಕೈ ತೆಗೆದುಬಿಡುತ್ತದೆ.

ನಾಲ್ಕು ಮುಖದಲ್ಲಿ ನಾಲ್ಕು ಹೊತ್ತು ಯಾಕೆ ಅಂತ ಊರವರೆಲ್ಲ ಕೇಳುತ್ತಿದ್ದರು. ಒಳಗಿರುವುದು ಒಂದೇ ಗಡಿಯಾರ. ಅದರಿಂದ ಒಂದು ಶಾಫ್ಟ್ ಮೇಲಕ್ಕೆ ಹೋಗುತ್ತದೆ. ಅಲ್ಲಿ ಬೆವೆಲ್ ಗೇರುಗಳ ಗುಂಪು, ಅದರಿಂದ ನಾಲ್ಕು ದಿಕ್ಕಿಗೆ ನಾಲ್ಕು ಶಾಫ್ಟ್. ಪ್ರತಿ ಮುಖದ ಹಿಂದೆ ಹನ್ನೆರಡಕ್ಕೆ ಒಂದರ ಲೆಕ್ಕದ ಚಕ್ರಗಳಿವೆ. ನಿಮಿಷದ ಮುಳ್ಳು ಹನ್ನೆರಡು ಸುತ್ತು ಸುತ್ತಿದರೆ ತಾಸಿನ ಮುಳ್ಳು ಒಂದು ಸುತ್ತು. ಗಡಿಯಾರ ನಿಂತಾಗ ನಾಲ್ಕೂ ಒಂದೇ ಹೊತ್ತಿಗೆ ನಿಂತಿರಬೇಕು. ಬೇರೆ ಬೇರೆ ತೋರಿಸುತ್ತಿವೆ ಅಂದರೆ ಆಮೇಲೆ ಗಾಳಿಗೆ ಮುಳ್ಳು ಜಾರಿವೆ. ಪಶ್ಚಿಮದ ಮುಖದಲ್ಲಂತೂ ಬೆವೆಲ್ ಗೇರಿನ ಐದು ಹಲ್ಲು ಮುರಿದಿದ್ದವು.

ಇಷ್ಟೆಲ್ಲ ನೋಡಿದ ಮೇಲೂ ನನಗೆ ಹೆಚ್ಚು ಚಿಂತೆಯಾದದ್ದು ಗಡಿಯಾರದ್ದಲ್ಲ. ಚೌಕಟ್ಟು ಕೂತಿದ್ದ ಸಾಗವಾನಿ ತೊಲೆಯ ಪೂರ್ವದ ತುದಿಗೆ ಸ್ಕ್ರೂಡ್ರೈವರ್ ಒತ್ತಿದರೆ ನಾಲ್ಕು ಬೆರಳಿನಷ್ಟು ಒಳಗೆ ಹೋಯಿತು. ತೊಲೆ ಕೊಳೆತು ಚೌಕಟ್ಟು ಒಂದು ಕಡೆ ವಾಲಿತ್ತು. ವಾಲಿದ ಚೌಕಟ್ಟಿನ ಮೇಲೆ ಲೋಲಕದ ಗಡಿಯಾರ ನಡೆಯುವುದಿಲ್ಲ. ಹಾಗಾದರೆ ನೀರು ಎಲ್ಲಿಂದ ಬಂತು?

ಜನವರಿ ಕೊನೆ

ಗೌಂಡಿ ಕಾಕಾನನ್ನು ಕರೆದುಕೊಂಡು ಹೋದೆ. ಹಳೇ ಗಚ್ಚಿನ ಕೆಲಸ ಗೊತ್ತಿರುವವರು ನಮ್ಮ ಕಡೆ ಈಗ ಬೆರಳೆಣಿಕೆಯಷ್ಟು ಜನ. ಕಾಕಾ ಏಣಿ ಹತ್ತಿದವರು ಗಡಿಯಾರದ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಮುಖಗಳ ಮೇಲೆ ಸುತ್ತಲೂ ಹೊರಚಾಚಿರುವ ಛಜ್ಜಾದ ಕೆಳಗೆ ಕೈಹಾಕಿ ಬೆರಳು ಎಳೆಯುತ್ತಾ ಹೋದರು. ವಾಯವ್ಯ ಮೂಲೆಯಲ್ಲಿ ನಿಂತರು. "ಇಲ್ಲಿ ಕೈ ಹಾಕಿ ನೋಡು" ಅಂದರು.

ಹಾಕಿದೆ. ಛಜ್ಜಾದ ಅಂಚಿನಿಂದ ಎರಡು ಇಂಚು ಒಳಗೆ, ಕೆಳಮೈಯಲ್ಲಿ, ಬೆರಳು ಕೂರುವಷ್ಟು ಅಗಲದ ಒಂದು ಗೆರೆ. ಉದ್ದಕ್ಕೂ ಕೊರೆದ ಗೆರೆ. ಮಳೆನೀರು ಛಜ್ಜಾದ ಅಂಚು ದಾಟಿ ಕೆಳಮೈಗೆ ಅಂಟಿಕೊಂಡು ಗೋಡೆಯ ಕಡೆ ಹರಿಯಲು ನೋಡುತ್ತದೆ. ಈ ಗೆರೆ ಬಂದಲ್ಲಿ ಮುಂದೆ ಹೋಗಲಾಗದೆ ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತದೆ. ಅಷ್ಟೇ ಅದರ ಕೆಲಸ.

ಆ ಮೂಲೆ ಬಿಟ್ಟರೆ ಉಳಿದ ಕಡೆಯೆಲ್ಲ ಗೆರೆ ಇರಲಿಲ್ಲ. ಹಿಂದೆ ಯಾವಾಗಲೋ ಛಜ್ಜಾ ಬಿರುಕು ಬಿಟ್ಟಾಗ ಪೂರಾ ಸಿಮೆಂಟ್ ಮೆತ್ತಿ, ಕೆಳಮೈ ನುಣ್ಣಗೆ ಮಾಡಿದ್ದಾರೆ. ಮಾಡಿದವರು ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು, ಅದರಲ್ಲಿ ಅನುಮಾನ ಇಲ್ಲ. ಆದರೆ ಗೆರೆ ಮುಚ್ಚಿಹೋಯಿತು. ನೀರು ಸೀದಾ ಗೋಡೆಗೆ ಇಳಿಯಿತು. ಗೋಡೆಗೂ ಸಿಮೆಂಟಿನ ಗಿಲಾವು ಹಾಕಿದ್ದರಿಂದ ಒಳಗೆ ಹೋದ ನೀರು ಹೊರಗೆ ಬರಲಿಲ್ಲ. ಸುಣ್ಣದ ಗಚ್ಚು ಒದ್ದೆಯಾದರೂ ಬಿಸಿಲಿಗೆ ಒಣಗುತ್ತದೆ, ಅದಕ್ಕೆ ಉಸಿರಾಟ ಇದೆ. ಮೇಲೆ ಸಿಮೆಂಟಿನ ಕವಚ ಹಾಕಿದರೆ ಆ ಉಸಿರು ಕಟ್ಟುತ್ತದೆ. ಪೂರ್ವದ ಗೋಡೆಯಲ್ಲಿ ಇಳಿದ ನೀರು ಮೊದಲು ತೊಲೆಯ ತುದಿ ತಿಂದಿತು. ಆಮೇಲೆ ಇನ್ನೂ ಕೆಳಗಿಳಿದು ಯುದ್ಧದ ಕಲ್ಲಿನ ಬೆನ್ನಿಗೆ ತಲುಪಿತು. ಕಲ್ಲಿನ ಕೆಳ ಅಂಚನ್ನು ಉಜ್ಜಿದರೆ ಸಕ್ಕರೆಯಂತೆ ಪುಡಿ ಉದುರುತ್ತಿತ್ತು.

ಗಡಿಯಾರ, ತೊಲೆ, ಕಲ್ಲು ಮೂರಕ್ಕೂ ರೋಗ ಒಂದೇ ಎಂದು ಆ ದಿನ ಗೊತ್ತಾಯಿತು. ಕೆಲಸದ ಕ್ರಮ ಬದಲಾಯಿಸಿದೆವು. ಮೊದಲು ಛಜ್ಜಾ, ಆಮೇಲೆ ಗೋಡೆ, ಕೊನೆಗೆ ಗಡಿಯಾರ.

ಅವತ್ತೇ ಚಾವಡಿ ಹಿಂದೆ ಗುಂಡಿ ತೋಡಿ ಸುಟ್ಟ ಸುಣ್ಣದ ಹರಳು ನೀರಿಗೆ ಹಾಕಿದೆವು. ಕೊತಕೊತ ಕುದಿಯಿತು. ಮಕ್ಕಳನ್ನು ದೂರ ಇಡಬೇಕು, ಕಣ್ಣಿಗೆ ಹಾರಿದರೆ ಕಣ್ಣೇ ಹೋಗುತ್ತದೆ. ಅದನ್ನು ನೀರಿನ ಕೆಳಗೆ ಎರಡು ತಿಂಗಳು ಬಿಟ್ಟೆವು. ಎಷ್ಟು ನೆನೆದರೆ ಅಷ್ಟು ಬೆಣ್ಣೆಯಾಗುತ್ತದೆ.

ಫೆಬ್ರವರಿ

ಹಳೇ ಸಿಮೆಂಟ್ ಬಿಡಿಸಿದ್ದು. ಉಳಿ, ಸುತ್ತಿಗೆ, ಕೈಯಿಂದಲೇ. ಬ್ರೇಕರ್ ಮಷಿನ್ ತಂದರೆ ಎರಡು ದಿನದ ಕೆಲಸ, ಆದರೆ ಒಳಗಿನ ಇಟ್ಟಿಗೆ ಸಡಿಲವಾಗುತ್ತದೆ ಎಂದು ಕಾಕಾ ಒಪ್ಪಲಿಲ್ಲ. ಗುಮ್ಮಟದ ಬುಡದಲ್ಲಿ ಅರಳಿ ಗಿಡ ಬೆಳೆದಿತ್ತು. ಪ್ರತಿವರ್ಷ ಕಡಿಯುತ್ತಿದ್ದರಂತೆ, ಪ್ರತಿವರ್ಷ ಚಿಗುರುತ್ತಿತ್ತಂತೆ. ಎರಡು ಸಾಲು ಇಟ್ಟಿಗೆ ಬಿಚ್ಚಿ ಬೇರು ಪೂರಾ ತೆಗೆದೆವು. ನನ್ನ ಮುಂಗೈ ದಪ್ಪ ಇತ್ತು.

ಈ ನಡುವೆ ಗಡಿಯಾರ ಬಿಚ್ಚಿ ಉದ್ಯಮಬಾಗಕ್ಕೆ ಒಯ್ದೆ. ಪ್ರತಿ ಭಾಗಕ್ಕೂ ಚೀಟಿ ಕಟ್ಟಿ, ಬಿಚ್ಚುವ ಮೊದಲು ಫೋಟೊ ತೆಗೆದು. ಚಕ್ರದ ಹಲ್ಲುಗಳ ನಡುವೆ ಗ್ರೀಸ್ ಕಲ್ಲಿನಂತೆ ಗಟ್ಟಿಯಾಗಿತ್ತು. ದೊಡ್ಡ ಗಡಿಯಾರದ ಚಕ್ರದ ಹಲ್ಲಿಗೆ ಎಣ್ಣೆ, ಗ್ರೀಸ್ ಏನೂ ಹಾಕಬಾರದು. ಧೂಳು ಸೇರಿ ಅದೇ ಅರದಂತೆ ಹಲ್ಲನ್ನು ಸವೆಸುತ್ತದೆ. ಎಣ್ಣೆ ಬೇಕಾಗುವುದು ಶಾಫ್ಟಿನ ತುದಿ ತಿರುಗುವ ತೂತುಗಳಿಗೆ ಮಾತ್ರ, ಅದೂ ಒಂದೊಂದೇ ಹನಿ. ಸೀಮೆಎಣ್ಣೆಯಲ್ಲಿ ಮೂರು ದಿನ ನೆನೆಸಿ, ಬಿದಿರಿನ ಕಡ್ಡಿಯಿಂದ ಕೆರೆದು ತೆಗೆದೆ.

ಬುಶ್ ಹಾಕುವಾಗ, ಅಂದರೆ ಸವೆದ ತೂತಿಗೆ ಹೊಸ ಲೋಹದ ಬಳೆ ಕೂರಿಸುವಾಗ, ನಾನು ಮಾಡಿದ ತಪ್ಪನ್ನು ಬರೆಯಲೇಬೇಕು. ಶಾಫ್ಟಿನ ತುದಿ ವರ್ಷಗಟ್ಟಲೆ ಒಂದೇ ಕಡೆ ಒತ್ತಿ ತಿರುಗಿ ತೂತು ಮೊಟ್ಟೆಯ ಆಕಾರ ಆಗಿರುತ್ತದೆ. ಅದನ್ನು ದೊಡ್ಡದು ಮಾಡಿ, ಗನ್‌ಮೆಟಲ್ ಬುಶ್ ಒತ್ತಿ, ಹೊಸದಾಗಿ ತೂತು ಕೊರೆಯಬೇಕು. ನಾನು ಸವೆದ ತೂತಿನ ಮಧ್ಯವನ್ನೇ ಸೆಂಟರ್ ಎಂದು ಹಿಡಿದೆ. ಜೋಡಿಸಿ ನೋಡಿದರೆ ಒಂದು ಜೋಡಿ ಚಕ್ರ ಗಟ್ಟಿಯಾಗಿ ಕಚ್ಚಿಕೊಂಡಿತ್ತು, ಇನ್ನೊಂದು ಜೋಡಿಯ ಹಲ್ಲು ಅರ್ಧವೇ ಸೇರುತ್ತಿತ್ತು. ಸವೆತ ಒಂದೇ ಪಕ್ಕಕ್ಕೆ ಆಗಿರುವಾಗ ಮೊಟ್ಟೆಯ ಮಧ್ಯ ಹಳೇ ಸೆಂಟರ್ ಆಗುವುದಿಲ್ಲ, ಅಲ್ವಾ? ತೂತಿನ ಸುತ್ತ ಎಣ್ಣೆ ನಿಲ್ಲಲು ಕೊರೆದ ಬಟ್ಟಲಿನಂಥ ಗುಳಿ ಇರುತ್ತದೆ. ಅದು ಸವೆಯುವುದಿಲ್ಲ. ಅದರ ಅಂಚಿನಿಂದ ಅಳತೆ ಹಿಡಿದರೆ ಮೂಲ ಸೆಂಟರ್ ಸಿಗುತ್ತದೆ. ಎಂಟು ಬುಶ್ ತೆಗೆದು ಎಂಟೂ ಮತ್ತೆ ಮಾಡಿದೆ. ಎರಡು ಭಾನುವಾರ ಹೋಯಿತು. ಈ ಸಲ ಚಕ್ರಕ್ಕೆ ಬಾಯಿಂದ ಊದಿದರೆ ತಿರುಗಿತು.

ಮುರಿದ ಬೆವೆಲ್ ಗೇರನ್ನು ಪಕ್ಕದ ಫೌಂಡ್ರಿಯಲ್ಲಿ ಗನ್‌ಮೆಟಲ್‌ನಲ್ಲಿ ಎರಕ ಹಾಕಿಸಿ ಮಿಲ್ಲಿಂಗ್ ಮಷಿನ್ ಮೇಲೆ ಹಲ್ಲು ಕೊಯ್ದೆವು. ಬೆಳಗಾವಿಯಲ್ಲಿ ಇರುವವನಿಗೆ ಈ ಒಂದು ಅನುಕೂಲ. ಎರಕ, ಲೇಥ್, ಮಿಲ್ಲಿಂಗ್ ಎಲ್ಲಾ ಒಂದೇ ರಸ್ತೆಯಲ್ಲಿ.

ಮಾರ್ಚ್, ಕಲ್ಲು

ಯುದ್ಧದ ಕಲ್ಲಿಗೆ ಪ್ರತಿ ಆಗಸ್ಟ್ 15ಕ್ಕೆ ಪೇಂಟ್ ಹಚ್ಚುವುದು ನಮ್ಮೂರ ರೂಢಿ. ಹಲಗೆಗೆ ಬಿಳಿ, ಅಕ್ಷರಕ್ಕೆ ಕರಿ ಆಯಿಲ್ ಪೇಂಟ್. ಪದರದ ಮೇಲೆ ಪದರ ಕೂತು ಅಕ್ಷರದ ಕೊರೆತವೇ ತುಂಬಿಹೋಗಿತ್ತು. ಪೇಂಟರು ಹಳೇ ಪೇಂಟಿನ ಮೇಲೆ ಅಂದಾಜಿನಿಂದ ಬರೆಯುತ್ತಿದ್ದರು.

ಅಮೃತಶಿಲೆಗೆ ಆಸಿಡ್ ತಾಗಿಸಲೇಬಾರದು, ಕರಗುತ್ತದೆ. ತಂತಿ ಬ್ರಷ್, ಗ್ರೈಂಡರ್, ಮರಳಿನ ಬ್ಲಾಸ್ಟಿಂಗ್ ಯಾವುದೂ ಬೇಡ. ಪೇಂಟ್ ತೆಗೆಯುವ ಜೆಲ್ಲನ್ನು ಮೊದಲು ಒಂದು ಮೂಲೆಯಲ್ಲಿ ರೂಪಾಯಿ ಅಗಲಕ್ಕೆ ಹಚ್ಚಿ ನೋಡಿದೆ. ಕಲ್ಲಿಗೆ ಏನೂ ಆಗಲಿಲ್ಲ. ಆಮೇಲೆ ಅಂಗೈ ಅಗಲ, ಅಂಗೈ ಅಗಲ. ಇಪ್ಪತ್ತು ನಿಮಿಷ ಬಿಟ್ಟು ಪ್ಲಾಸ್ಟಿಕ್ ಪಟ್ಟಿಯಿಂದ ಎಬ್ಬಿಸಿದರೆ ಕಾದ ಹಾಲಿನ ಕೆನೆಯಂತೆ ಮಡಚಿಕೊಂಡು ಬರುತ್ತಿತ್ತು. ಬಿಳಿ, ಅದರ ಕೆಳಗೆ ನೀಲಿ, ಅದರ ಕೆಳಗೆ ಮತ್ತೆ ಬಿಳಿ. ಅಕ್ಷರದೊಳಗಿನದನ್ನು ಬಿದಿರಿನ ಕಡ್ಡಿ ಚೂಪು ಮಾಡಿಕೊಂಡು ಒಂದೊಂದಾಗಿ ತೆಗೆದೆ.

ಮೇಲಿನ ಸಾಲಿನ 24 ಹಾಗೇ ಇತ್ತು. ಹೋದವರು 24 ಜನ. ಕೆಳಗಿನ ಸಾಲಿನಲ್ಲಿ, ಸತ್ತವರ ಅಂಕಿ 8 ಎಂದು ನಾವು ಹುಟ್ಟಿದಾಗಿನಿಂದ ಓದಿದ್ದೆವು. ಶಾಲೆಯ ಭಾಷಣದಲ್ಲಿ ನಾನೇ ಎಂಟು ಎಂದು ಹೇಳಿದ್ದೇನೆ. ಕಡ್ಡಿ ಆ ಅಂಕಿಯ ಎಡಗಡೆಗೆ ಹೋದಾಗ ಕೊರೆತವೇ ಸಿಗಲಿಲ್ಲ. ಬಲಗಡೆ ಆಳವಾದ ಕೊರೆತ, ಎಡಗಡೆ ನುಣುಪು ಕಲ್ಲು. ಮತ್ತೆ ಜೆಲ್ ಹಚ್ಚಿದೆ, ಮತ್ತೆ ತೊಳೆದೆ. ಬಾಲ ಸುರುಳಿಯಾಗಿ ಒಳಗೆ ಬಾಗಿದ ಹಳೇ ಮಾದರಿಯ 3. ಯಾರೋ ಪೇಂಟರ್ ಒಮ್ಮೆ ಆ ಸುರುಳಿಗಳನ್ನು ಕೂಡಿಸಿ 8 ಮಾಡಿದ್ದಾರೆ. ಮುಂದಿನವರೆಲ್ಲ ಅದನ್ನೇ ತಿದ್ದಿದ್ದಾರೆ.

ಚಾವಡಿಯಲ್ಲಿ ಕೂತಿದ್ದ ಅಜ್ಜನನ್ನು ಕರೆದು ತೋರಿಸಿದೆ. ಕನ್ನಡಕ ಹಾಕಿಕೊಂಡು, ಬೆರಳಿನಿಂದ ಆ ಕೊರೆತದಲ್ಲಿ ಎರಡು ಸಲ ತಿದ್ದಿದರು.

"ಎಂಟಲ್ಲೋ ತಮ್ಮಾ, ಮೂರೇ ಐತಿ. ಐದು ಮಂದಿ ಹೊಳ್ಳಿ ಬಂದಂಗಾತಲ್ಲೋ."

ಅವತ್ತು ಮುಂದೆ ಕೆಲಸ ಮಾಡಲು ಆಗಲಿಲ್ಲ. ಸುಮ್ನೆ ಕೂತೆವು.

ಆ ಮೂವರ ಹೆಸರು ಕಲ್ಲಿನಲ್ಲಿ ಇಲ್ಲ. ಊರಲ್ಲಿ ಒಂದು ಮನೆಗೆ 'ಬಸ್ರಾದವರ ಮನೆ' ಎಂಬ ಅಡ್ಡಹೆಸರಿದೆ, ಯಾಕೆ ಎಂದು ಆ ಮನೆಯ ಹುಡುಗರಿಗೇ ಗೊತ್ತಿರಲಿಲ್ಲ. ಬಸ್ರಾ ಇರುವುದು ಇರಾಕಿನಲ್ಲಿ. ನಮ್ಮ ಕಡೆಯ ಹುಡುಗರು ಸೇರುತ್ತಿದ್ದ ಮರಾಠಾ ಪಲ್ಟನ್ನುಗಳು ಆ ಯುದ್ಧದಲ್ಲಿ ಅಲ್ಲಿಯೇ ಹೆಚ್ಚು ಕಾದಿದ್ದು. 1916ರ ಏಪ್ರಿಲ್ 29ರಂದು ಕುತ್ ಪಟ್ಟಣದಲ್ಲಿ ತುರ್ಕರಿಗೆ ಶರಣಾದ ಸೈನ್ಯದಲ್ಲೂ ಅವು ಇದ್ದವು. ಬಸ್ರಾದಲ್ಲಿ 40,000ಕ್ಕೂ ಜಾಸ್ತಿ ಜನರ ನೆನಪಿಗೆ ಒಂದು ಸ್ಮಾರಕ ಇದೆ. ಅದರ ಫಲಕಗಳಲ್ಲಿ ಹಿಂದುಸ್ತಾನದ ಅಧಿಕಾರಿಗಳ ಹೆಸರು ಕೆತ್ತಿದರು. ಸಾದಾ ಸಿಪಾಯಿಗಳನ್ನು ಇಂಥ ರೆಜಿಮೆಂಟಿನವರು ಇಷ್ಟು ಎಂದು ಲೆಕ್ಕದಲ್ಲಿ ಮಾತ್ರ ಬರೆದರು. ಅಲ್ಲೂ ಅಂಕಿ, ನಮ್ಮ ಚಾವಡಿಯಲ್ಲೂ ಅಂಕಿ. ನಮ್ಮೂರ ಹನುಮಪ್ಪನ ಗುಡಿ ಮುಂದೆ ಒಂದು ವೀರಗಲ್ಲು ಇದೆ. ಕೆಳಗಿನ ಅಂತಸ್ತಿನಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗ. ಆ ವೀರನಿಗೆ ಮುಖವಾದರೂ ಇದೆ. ಈ ಮೂವರಿಗೆ ಉಳಿದದ್ದು ಒಂದು ಅಂಕಿ. ಅದನ್ನಾದರೂ ಸರಿಯಾಗಿ ಇಡಬೇಕಲ್ವಾ.

ಹುಡುಗರು ಬಂಗಾರದ ಬಣ್ಣ ತುಂಬೋಣ ಎಂದರು. ನಾನು ಗಟ್ಟಿಯಾಗಿ ಬೇಡ ಎಂದೆ, ಹಿರಿಯರೂ ನನ್ನ ಪರ ನಿಂತರು. ಕಲ್ಲಿಗೆ ಇನ್ನು ಮೇಲೆ ಬಣ್ಣ ಇಲ್ಲ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಬಿಸಿಲು ಮೇಲಿಂದ ಓರೆಯಾಗಿ ಬೀಳುವಾಗ ಕೊರೆತದಲ್ಲಿ ನೆರಳು ನಿಂತು ಅಕ್ಷರ ತಾನಾಗಿ ಎದ್ದು ಕಾಣುತ್ತದೆ. ಇನ್ನೊಬ್ಬರು 1919 ತಪ್ಪು, 1918 ಆಗಬೇಕು ಎಂದರು. ಗುಂಡಿನ ಸದ್ದು ನಿಂತದ್ದು 1918ರ ನವೆಂಬರ್ 11ಕ್ಕೆ, ವರ್ಸೇಲ್ಸ್ ಒಪ್ಪಂದಕ್ಕೆ ಸಹಿ ಬಿದ್ದದ್ದು 1919ರ ಜೂನ್ 28ಕ್ಕೆ. ಹಾಗಾಗಿ 1919 ಸರಿಯೇ ಇದೆ, ಮುಟ್ಟಲಿಲ್ಲ.

ಏಪ್ರಿಲ್

ಗಚ್ಚು. ಒಂದು ಪಾಲು ಸುಣ್ಣ, ಒಂದು ಪಾಲು ಇಟ್ಟಿಗೆ ಪುಡಿ, ಎರಡು ಪಾಲು ಮರಳು. ಕಲಸುವ ನೀರಿಗೆ ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ್ದು. ಕಾಕಾ ಅದನ್ನು ಬಡಿಗೆಯಿಂದ ತಾಸುಗಟ್ಟಲೆ ಬಡಿಸಿದರು. ಒಬ್ಬ ಹುಡುಗ ಇದು ಗಟ್ಟಿ ನಿಲ್ಲುತ್ತದಾ ಎಂದು ಕೇಳಿದ. "ವಿಜಯಪುರಕ್ಕ ಹೋಗಿ ಗೋಳಗುಮ್ಮಟ ನೋಡ್ಕೊಂಡು ಬಾ" ಅಂದರು. ಹೊರಗಿನಿಂದ 44 ಮೀಟರ್ ಅಗಲದ ಆ ಗುಮ್ಮಟ ಇಟ್ಟಿಗೆ ಮತ್ತು ಸುಣ್ಣದ ಗಚ್ಚಿನಲ್ಲೇ ನಿಂತಿದೆ, ಹದಿನೇಳನೇ ಶತಮಾನದಿಂದ.

ಛಜ್ಜಾದ ಗೆರೆಯನ್ನು ಕಾಕಾ ಯಾರ ಕೈಗೂ ಕೊಡಲಿಲ್ಲ. ಹಸಿ ಗಚ್ಚಿನಲ್ಲಿ ಒಂದು ದುಂಡನೆಯ ಕೋಲು ಒತ್ತಿ, ಅರ್ಧ ಒಣಗಿದ ಮೇಲೆ ಕೋಲು ತೆಗೆದು, ಬೆರಳಿನಿಂದ ಸವರಿ ಮಾಡಿದರು. ನಾಲ್ಕೂ ಬದಿ ಸುತ್ತಿ ಹಳೇ ಗೆರೆಗೆ ತಂದು ಕೂಡಿಸಿದರು. ಬೇಸಿಗೆ ಬಿಸಿಲಿಗೆ ಗಚ್ಚು ಬೇಗ ಒಣಗಿದರೆ ಬಿರಿಯುತ್ತದೆ. ಮೂರು ವಾರ ಒದ್ದೆ ಗೋಣಿಚೀಲ ಹೊದಿಸಿ, ದಿನಕ್ಕೆ ಮೂರು ಸಲ ನೀರು ಹೊಡೆದೆವು. ಶಾಲೆಯ ಹುಡುಗರು ಪಾಳಿ ಹಾಕಿಕೊಂಡು ಮಾಡಿದರು. ಕೊಳೆತ ತೊಲೆಯನ್ನೂ ಇದೇ ಹೊತ್ತಿಗೆ ಬದಲಾಯಿಸಿದೆವು. ಹೊಸ ತೊಲೆಯ ತುದಿ ಗೋಡೆಗೆ ತಾಗದಂತೆ ಸುತ್ತ ಒಂದು ಬೆರಳು ಜಾಗ ಬಿಟ್ಟು, ಅಡಿಗೆ ಕಲ್ಲು ಕೊಟ್ಟೆವು.

ಮೇ

ಮುಳ್ಳುಗಳು. ಹಿಂದೆ ಯಾರೋ ಭಾರದ ಕಬ್ಬಿಣದ ಪಟ್ಟಿಯಲ್ಲಿ ಮಾಡಿ ಹಾಕಿದ್ದರು. ಬಾಲದ ಕಡೆ ಸಮತೂಕವೇ ಇರಲಿಲ್ಲ. ಗೂಡಿನಲ್ಲಿ ಬಿದ್ದಿದ್ದ ಹಳೇ ತಾಮ್ರದ ಮುಳ್ಳನ್ನು ಕಾಗದದ ಮೇಲೆ ಇಟ್ಟು ಗೆರೆ ಎಳೆದು, ಅದೇ ಆಕಾರಕ್ಕೆ ಅಲ್ಯೂಮಿನಿಯಂ ತಗಡು ಕತ್ತರಿಸಿದೆ. ಬಾಲಕ್ಕೆ ಸೀಸ ಹಾಕಿ, ಯಾವ ಕಡೆ ತಿರುಗಿಸಿ ಬಿಟ್ಟರೂ ಅಲ್ಲೇ ನಿಲ್ಲುವಂತೆ ತೂಗಿದೆ. ಮುಖದ ಮೇಲೆ ನಾಲ್ಕಕ್ಕೆ IV ಬದಲು ನಾಲ್ಕು ಗೆರೆಯ ರೋಮನ್ ಅಂಕಿ (IIII) ಇದೆ. ಗಡಿಯಾರಗಳಲ್ಲಿ ಹಾಗೆ ಬರೆಯುವುದು ಹಳೇ ಪದ್ಧತಿ, ಬೇಕಾದಷ್ಟು ಗೋಪುರಗಳಲ್ಲಿ ಕಾಣುತ್ತದೆ. ತಿದ್ದಲಿಲ್ಲ.

ಲೋಲಕದ ದಂಡವೂ ಕಬ್ಬಿಣದ ಸರಳಾಗಿತ್ತು. ಮೂಲದಲ್ಲಿ ಮರದ್ದು ಇದ್ದಿರಬೇಕು, ಲೋಲಕದ ತುದಿಯ ಭಾರದ ಗುಂಡಿನ ಹಿಡಿಕೆಯಲ್ಲಿ ಮರದ ಚೂರು ಸಿಕ್ಕಿತು. ಉಕ್ಕು ಬಿಸಿಲಿಗೆ ಹಿಗ್ಗುತ್ತದೆ. 20 ಡಿಗ್ರಿ ಏರಿದರೆ ದಿನಕ್ಕೆ ಸುಮಾರು 10 ಸೆಕೆಂಡ್ ಹಿಂದೆ ಬೀಳುತ್ತದೆ. ಮರ ಅಷ್ಟು ಹಿಗ್ಗುವುದಿಲ್ಲ. ನೇರ ಎಳೆಯ ಹಳೇ ಸಾಗವಾನಿ ಹುಡುಕಿ, ಥಂಡಿ ಹೀರದಂತೆ ವಾರ್ನಿಶ್ ಕುಡಿಸಿ ದಂಡ ಮಾಡಿದೆ. ಲೋಲಕವನ್ನು ತೂಗುಹಾಕುವ ತೆಳು ತಗಡಿಗೆ, ಸಂದಿನ ಅಗಲ ಅಳೆಯುವ ಫೀಲರ್ ಗೇಜಿನ ಎರಡು ಪಟ್ಟಿ ಬಳಸಿದೆ. ಗುಂಡು 40 ಕಿಲೋ. ನಮ್ಮ ಲೋಲಕ ಒಂದು ಸಲ ಹೋಗಿ ಬರಲು ಎರಡೂವರೆ ಸೆಕೆಂಡ್ ತೆಗೆದುಕೊಳ್ಳಬೇಕು. ಅದಕ್ಕೆ ಲೆಕ್ಕದ ಉದ್ದ 155 ಸೆಂ.ಮೀ. ಗುಂಡಿನ ಕೆಳಗಿನ ನಟ್ ತಿರುವಿ 1 ಮಿ.ಮೀ. ಇಳಿಸಿದರೆ ದಿನಕ್ಕೆ 28 ಸೆಕೆಂಡ್ ಹಿಂದೆ. ಇದಕ್ಕಿಂತ ಸೂಕ್ಷ್ಮವಾಗಿ ತಿದ್ದಲು ದಂಡದ ಅರ್ಧಕ್ಕೆ ಒಂದು ಸಣ್ಣ ತಟ್ಟೆ ಕೂರಿಸಿದೆ. ಅದರಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟರೆ ದಿನಕ್ಕೆ ಸುಮಾರು ಒಂದು ಸೆಕೆಂಡ್ ಮುಂದೆ ಹೋಗುತ್ತದೆ. ಲಂಡನ್ನಿನ ದೊಡ್ಡ ಗಡಿಯಾರವನ್ನೂ ಪೆನ್ನಿ ನಾಣ್ಯ ಇಟ್ಟೇ ತಿದ್ದುತ್ತಾರೆ. ಅಲ್ಲಿ ಒಂದು ಪೆನ್ನಿಗೆ ದಿನಕ್ಕೆ 0.4 ಸೆಕೆಂಡ್.

ತಾಸು ಹೊಡೆಯುವ ಕಡೆ ಹೆಚ್ಚು ಕೆಲಸ ಇರಲಿಲ್ಲ, ಸುತ್ತಿಗೆಯ ತಂತಿ ಹೊಸದು ಹಾಕಿದ್ದು ಅಷ್ಟೇ. ಆದರೆ ಮೊದಲ ದಿನ ಎರಡು ಗಂಟೆಗೆ ಐದು ಹೊಡೆಯಿತು. ಎಷ್ಟು ಹೊಡೆಯಬೇಕು ಎಂದು ಹೇಳುವುದು ಅಂಚಿನಲ್ಲಿ ಕಚ್ಚುಗಳಿರುವ ಒಂದು ಚಕ್ರ. ಮುಳ್ಳು ಎಲ್ಲಿದೆ ಎಂಬುದು ಆ ಚಕ್ರಕ್ಕೆ ಗೊತ್ತಿರುವುದಿಲ್ಲ. ಒಂದು, ಎರಡು, ಮೂರು ಎಂದು ತನ್ನ ಪಾಡಿಗೆ ಹೊಡೆಯುತ್ತಾ ಹೋಗುತ್ತದೆ, ಹನ್ನೆರಡು ತಾಸಿಗೆ 78 ಏಟು. ಕೈಯಿಂದ ಎತ್ತಿ ಹೊಡೆಸುತ್ತಾ ಮುಳ್ಳಿನ ಹೊತ್ತಿಗೆ ತಂದು ಕೂಡಿಸಬೇಕು. ಕೂಡಿಸುವಷ್ಟರಲ್ಲಿ ಹೊಲದಲ್ಲಿದ್ದವರೂ ಓಡಿ ಬಂದಿದ್ದರು. ಗಂಟೆ ಹಿಂದೆ ಕೇಳಿದ ನೆನಪಿದ್ದವರು ಆ ಗುಂಪಿನಲ್ಲಿ ನಾಲ್ಕೇ ಜನ, ನಾಲ್ವರೂ ಅಳುತ್ತಿದ್ದರು.

ಜೂನ್, ಮಿರಗ

ಮಿರಗದ ಮೊದಲ ಜೋರು ಮಳೆ ಸಂಜೆ ಐದಕ್ಕೆ ಬಂತು. ಕಾಕಾ, ನಾನು, ಅಜ್ಜ ಮೂವರೂ ಎದುರಿನ ಕಟ್ಟೆ ಮೇಲೆ ಕೊಡೆ ಹಿಡಿದು ನಿಂತೆವು. ನೀರು ಛಜ್ಜಾದ ಅಂಚು ದಾಟಿ ಕೆಳಮೈಗೆ ತಿರುಗಿತು. ಗೆರೆಯ ಹತ್ತಿರ ಬಂದು ನಿಂತಿತು. ಆಮೇಲೆ ಸಾಲಾಗಿ ಹನಿ, ಗೋಡೆಯಿಂದ ಒಂದಡಿ ದೂರಕ್ಕೆ ನೆಲಕ್ಕೆ ಬೀಳತೊಡಗಿತು. ಮಳೆ ನಿಂತ ಮೇಲೆ ಹೋಗಿ ಕಲ್ಲಿನ ಕೆಳ ಅಂಚು ಮುಟ್ಟಿ ನೋಡಿದೆ. ಒಣಗೇ ಇತ್ತು. ಮೇಲೆ ಹತ್ತಿ ತೊಲೆಯ ತುದಿಗೂ ಕೈ ಹಾಕಿದೆ. ಅದೂ ಒಣಗಿತ್ತು.

ನೋಟ್‌ಬುಕ್ಕಿನ ಕೊನೆಯ ಸಾಲು: ಗಡಿಯಾರ ವಾರಕ್ಕೆ 20 ಸೆಕೆಂಡ್ ಮುಂದೆ ಓಡುತ್ತಿದೆ. ತಟ್ಟೆಯಿಂದ ಮೂರು ನಾಣ್ಯ ತೆಗೆದೆ.